ಮುಂಗಾಲಿನ ಹಿಂದೆ ನಾಲ್ಕು ಬೆರಳು

ಹೋದ ತಿಂಗಳು ಐಹೊಳೆಯಿಂದ ತಿರುಗಿ ಬರುವಾಗ ಹುನಗುಂದದ ರಸ್ತೆ ಬದಿ ಒಂದು ಕಡಲೆ ಹೊಲ ಕಂಡು, ಸೊಸೆ ಸವಿತಾಳಿಗೆ ಕಾರು ನಿಲ್ಲಿಸು ಎಂದೆ. ಸವಿತಾ ಬಾಗಲಕೋಟೆಯ ನವನಗರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ, ಮನೆಗೆ ಬಂದು ನನಗೆ ಫೋನು ಕಲಿಸುತ್ತಾಳೆ. ಎರಡರಲ್ಲಿ ಯಾವುದು ಕಷ್ಟ ಎಂದು ಯಾರಾದರೂ ಕೇಳಿದರೆ, ಮಕ್ಕಳು ಎದುರು ಮಾತಾಡುವುದಿಲ್ಲ ಎಂದಷ್ಟೇ ಹೇಳುತ್ತಾಳೆ.

ನಾನು ಇಳಿದು, ಹೊಲದವರು ಹತ್ತಿರದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಾಯಿ ತುಂಬಿದ ಎರಡು ಗಿಡ ಕಿತ್ತೆ. ಬೆರಳಿಗೆ ಹುಳಿ ಹತ್ತಿತು. ಚಳಿಗಾಲದಲ್ಲಿ ಕಡಲೆ ಎಲೆಯ ಮೇಲೆ ಇಬ್ಬನಿಯ ಜೊತೆ ಕೂಡುವ ಹುಳಿ ಅದು. ಬೆರಳನ್ನು ಮೂಗಿನ ಹತ್ತಿರ ತಂದವಳು ಕೂಡಲೇ ಇಳಿಸಿ ಸೀರೆಗೆ ಒರೆಸಿಕೊಂಡೆ. ಆ ವಾಸನೆಯ ಜೊತೆ ನನಗೆ ಹಳೆಯ ಜಗಳವಿದೆ.

ಅಷ್ಟರಲ್ಲಿ ಸವಿತಾ ನನ್ನ ತೋಳು ಹಿಡಿದು ದೂರಕ್ಕೆ ಕೈ ತೋರಿಸಿದಳು. ಹೊಲದ ಆಚೆ ಬದುವಿನ ಮೇಲೆ ಏಳೆಂಟು ಚಿಗರಿ, ಪುಸ್ತಕದವರು ಕೃಷ್ಣಮೃಗ ಎನ್ನುವವು, ನಿಂತಿದ್ದವು. ಹೆಣ್ಣುಗಳು ಜೋಳದ ರೊಟ್ಟಿಯ ಬಣ್ಣ, ನಡುವೆ ಒಂದು ಗಂಡು, ಬೆನ್ನೆಲ್ಲ ಕಪ್ಪು, ಕೊಂಬು ತಿರುಚಿ ಮೇಲಕ್ಕೆ. ಫೋಟೋ ತೆಗೆಯಿರಿ ಎಂದು ಅವಳು ನನ್ನ ಫೋನನ್ನು ತೆರೆದು ಕೈಗೆ ಕೊಟ್ಟಳು. ಎಲ್ಲಿ ನಿಚ್ಚಳ ಕಾಣಬೇಕೋ ಅಲ್ಲಿ ಬೆರಳು ಇಡಬೇಕು, ಒಂದು ಸಣ್ಣ ಚೌಕ ಮೂಡುತ್ತದೆ, ಆಮೇಲೆ ಒತ್ತಬೇಕು ಎಂದು ಹೇಳಿಕೊಟ್ಟಳು. ನಾನು ಬೆರಳಿಟ್ಟೆ. ಚೌಕ ಮೂಡಿತು.

"ಅತ್ತಿ, ಎಲ್ಲಾರೂ ಮುಖದ ಮ್ಯಾಲ ಇಡತಾರ. ನೀವ್ಯಾಕ ಅಲ್ಲಿಟ್ರಿ?" ಎಂದು ಸವಿತಾ ನಕ್ಕಳು.

ನೋಡಿದೆ. ಚೌಕ ಗಂಡು ಚಿಗರಿಯ ಮುಂಗಾಲಿನ ಹಿಂದೆ, ನಾಲ್ಕು ಬೆರಳು ಬಿಟ್ಟು, ಎದೆಯ ಕೆಳಭಾಗದಲ್ಲಿ ಸರಿಯಾಗಿ ಕುಳಿತಿತ್ತು. ನಾನು ಇಟ್ಟದ್ದಲ್ಲ, ಬೆರಳು ತಾನೇ ಹೋಗಿತ್ತು.

ರಸ್ತೆಯ ಮೇಲೆ ಉತ್ತರ ಹೇಳಲು ಆಗಲಿಲ್ಲ. ಈಗ ಅದೇ ಫೋನಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಬರೆಯುತ್ತಿದ್ದೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಚಹಾ ಆರುತ್ತದೆ. ಆರಲಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಇಳಕಲ್ಲಿನ ಮಗ್ಗದ ಮನೆಯ ಮಗಳು ನಾನು. ಹದಿನೆಂಟಕ್ಕೆ ನನ್ನನ್ನು ನಮ್ಮವ್ವನ ಅಣ್ಣನ ಮಗನಿಗೆ ಕೊಟ್ಟರು. ಅವರದು ಹುನಗುಂದಕ್ಕೂ ಐಹೊಳೆಗೂ ನಡುವಿನ ಒಂದು ಹಳ್ಳಿ, ಎರಡು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ಎರೆ ಹೊಲ ಹಿಡಿದ ಮನೆತನ. ಮದುವೆಯ ಮರುವಾರವೇ ಗಂಡ ನಮ್ಮಪ್ಪನ ಹತ್ತಿರ ನೇಯುವುದನ್ನು ಕಲಿಯಲು ಇಳಕಲ್ಲಿಗೆ ಹೋದ. ನಾನು ಅವನ ಊರಲ್ಲಿ, ಅವನು ನನ್ನ ಊರಲ್ಲಿ. ವಾರಕ್ಕೊಮ್ಮೆ ಬಂದರೆ ನನ್ನ ತವರಿನ ಸುದ್ದಿಯನ್ನು ನನಗೇ ಹೇಳುತ್ತಿದ್ದ.

ಮನೆಯಲ್ಲಿ ಉಳಿದವರು ಮಾವ, ಅತ್ತೆ, ಎಂಟು ವರ್ಷದ ನಾದಿನಿ ಕಸ್ತೂರಿ. ಮಾವ ಈರಪ್ಪ ನನಗೆ ಹುಟ್ಟಿದಾಗಿನಿಂದ ಸೋದರಮಾವ, ಅವರ ಹೆಗಲ ಮೇಲೆ ಕುಳಿತು ಜೋಳದ ಎಳೆ ತೆನೆ ಸುಟ್ಟ ಸೀತನಿ ತಿಂದವಳು ನಾನು. ಹಾಗಾಗಿ ಬೇರೆ ಸೊಸೆಯಂದಿರಂತೆ ಮೂಲೆ ಹಿಡಿದು ನಿಲ್ಲುವುದು ನನ್ನಿಂದ ಆಗಲಿಲ್ಲ. ಸೆರಗು ಮಾತ್ರ ತಲೆಯ ಮೇಲೆ ಇರುತ್ತಿತ್ತು. ಬಾಯಿಗೆ ಸೆರಗಿರಲಿಲ್ಲ.

ಸುತ್ತ ಹತ್ತು ಹಳ್ಳಿಗೆ ಮಾವ ಒಂದು ಗುಂಡಿನ ಈರಪ್ಪ. ಅವರಪ್ಪನ ಕಾಲದ ಬಂದೂಕು ಅದು, ಬೆಳೆ ಕಾಯಲು ಪರವಾನಗಿ ಪಡೆದದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಸಲಾಕೆಯಿಂದ ಜಡಿದು, ಒಂದು ಸೀಸದ ಗುಂಡು ಇಳಿಸಬೇಕು. ಎರಡನೇ ಗುಂಡು ತುಂಬುವಷ್ಟರಲ್ಲಿ ಚಿಗರಿ ಬಾದಾಮಿ ಮುಟ್ಟಿರುತ್ತದೆ. ಚಿಗರಿ ಹೊಡೆಯಬಾರದೆಂಬ ಕಾಯ್ದೆ ಆಗಲೂ ಇತ್ತು, ಆದರೆ ನಮ್ಮೂರಿಗೆ ಬರುವ ಒಂದೇ ಬಸ್ಸನ್ನು ಅದಿನ್ನೂ ಹತ್ತಿರಲಿಲ್ಲ. ಕಡಲೆ ಚಿಗುರಿದರೆ ಹಿಂಡು ಬರುತ್ತಿತ್ತು, ಒಂದು ಮುಂಜಾನೆಯಲ್ಲಿ ನಾಲ್ಕು ಸಾಲು ಬೋಳಾಗುತ್ತಿತ್ತು. ಮಾವ ವರ್ಷಕ್ಕೆ ಎರಡೋ ಮೂರೋ ಹೊಡೆಯುತ್ತಿದ್ದರು. ಗುಂಡಿನ ಸಪ್ಪಳಕ್ಕೆ ಉಳಿದವು ಎಂಟು ದಿನ ಆ ಕಡೆ ಸುಳಿಯುತ್ತಿರಲಿಲ್ಲ.

ಆ ಮನೆತನದಲ್ಲಿ ಒಂದು ಕಟ್ಟು ಇತ್ತು. ಗುಂಡು ತಿಂದ ಪ್ರಾಣಿ ಸಾಯದೆ ಹೊರಗೆ ತಿರುಗುತ್ತಿರುವ ತನಕ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ. ಮಕ್ಕಳಿಗೆ ಡಬ್ಬಿಯಲ್ಲಿರುವ ಕಟಕ ರೊಟ್ಟಿ, ದೊಡ್ಡವರಿಗೆ ನೀರು. ಅದು ಅಲ್ಲಿ ಬಾಧೆಪಡುವಾಗ ಇಲ್ಲಿ ಹೊಟ್ಟೆ ತಣ್ಣಗಿರಬಾರದು ಎಂಬುದು ಅದರ ಅರ್ಥ. ಮಾವ ಹುಡುಗನಿದ್ದಾಗ ಅವರಪ್ಪ ತಲೆಗೆ ಗುರಿಯಿಟ್ಟು ಒಂದರ ದವಡೆ ಒಡೆದಿದ್ದನಂತೆ. ಮೇಯಲು ಆಗದೆ ಅದು ಸಾಯಲು ಐದು ದಿನ ಹಿಡಿಯಿತು, ಒಲೆ ಐದು ದಿನ ತಣ್ಣಗಿತ್ತು. ಅದಾದ ಮೇಲೆಯೇ ಮಾವ ಒಂದು ಗುಂಡಿನ ಈರಪ್ಪ ಆದದ್ದು. ಅತ್ತೆ ಆ ಮನೆಗೆ ಬಂದ ಮೇಲೆ ಆ ಕಟ್ಟು ಪಾಲಿಸುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ.

ಆ ಹಿಂಗಾರಿನಲ್ಲಿ ಮಾವ ಮೂರು ಸಲ ಬಂದೂಕು ಹೊತ್ತು ಹೋದವರು ಗುಂಡು ಹಾರಿಸದೆಯೇ ತಿರುಗಿ ಬಂದರು. ಚಿಗರಿ ಸರಿಯಾಗಿ ನಿಲ್ಲಲಿಲ್ಲ ಎನ್ನುತ್ತಿದ್ದರು. ನಾನು ಮನೆಯಲ್ಲಿ ಬೇರೆಯದನ್ನು ಗಮನಿಸುತ್ತಿದ್ದೆ. ಅವರು ಚಹಾ ಬಟ್ಟಲನ್ನು ಎತ್ತಿಕೊಳ್ಳುವ ಮೊದಲು ನೆಲವನ್ನು ಸವರುತ್ತಿದ್ದರು.

ಕಡಲೆ ಹುಳಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಸಂಜೆ ಗಿಡಗಳ ಮೇಲೆ ತೆಳುವಾದ ಧೋತರ ಹಾಸಿ ಬರುವುದು, ಮುಂಜಾನೆ ಹೊತ್ತು ಮೂಡುವ ಮೊದಲು ಹೋಗಿ ಅದನ್ನು ಹಿಂಡಿ ಬಾಟಲಿಯಲ್ಲಿ ತುಂಬಿಕೊಳ್ಳುವುದು. ಹೊಟ್ಟೆನೋವಿಗೆ ಊರೆಲ್ಲ ನಮ್ಮ ಮನೆಗೇ ಬರುತ್ತಿತ್ತು. ಒಂದು ಮುಂಜಾನೆ ನಾನು ಹೀಗೆ ಹಿಂಡುತ್ತಾ ಕುಳಿತಿದ್ದಾಗ ಮಾವ ಬಂದೂಕು ಹಿಡಿದು ಬದುವಿನ ಮೇಲೆ ಬಂದರು, ನಮ್ಮ ಹೊಲದ ಬೆದರುಬೊಂಬೆಯ ಮುಂದೆ ನಿಂತರು. "ಏನಲೇ ಬಸ್ಯಾ, ಇಷ್ಟು ಲಗೂನ ಬಂದೀಯಲ್ಲ" ಎಂದರು. ಬೊಂಬೆ ಮಾತಾಡಲಿಲ್ಲ. "ಸೊಕ್ಕು ಬಂದೈತಿ ಮಗನಿಗೆ" ಎಂದು ಮುಂದೆ ನಡೆದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಕೇಳಿ ಅವರು ಅಲ್ಲೇ ನಿಂತರು, ತಿರುಗಿದರು, ಆದರೆ ನಾನಿದ್ದ ಕಡೆಗಲ್ಲ, ಎರಡು ಮಾರು ಪಕ್ಕಕ್ಕೆ ನೋಡಿದರು. ಆಗ ನನ್ನ ನಗು ನಿಂತಿತು.

ಎರಡು ವರ್ಷದಿಂದ ಹೀಗೆ ಎಂದು ಹೇಳಿದರು. ಎಲ್ಲ ಮಂಜಿನಲ್ಲಿ ಇದ್ದ ಹಾಗೆ. ಚಿಗರಿ ಇದೆ ಎಂದು ಗೊತ್ತಾಗುತ್ತದೆ, ಒಂದು ಕಪ್ಪು ಮಚ್ಚೆ, ತಲೆ ಯಾವ ಕಡೆ ಬಾಲ ಯಾವ ಕಡೆ ತಿಳಿಯುವುದಿಲ್ಲ. ತಿಳಿಯದೆ ಹೊಡೆಯುವವರು ಅವರಲ್ಲ. ಯಾರಿಗೂ ಹೇಳಬೇಡ ಎಂದರು.

"ಹೇಳಂಗಿಲ್ರಿ ಮಾವ," ಎಂದೆ. "ಆದ್ರ ನನ್ನೂ ಬ್ಯಾಟಿಗೆ ಕರಕೊಂಡು ಹೋಗಬೇಕು."

ಅವರು ಬಂದೂಕನ್ನು ಹೆಗಲಿಗೇರಿಸಿದರು. "ನಿಮ್ಮವ್ವನೂ ಹಿಂಗ ಇದ್ಲು," ಎಂದು ಮನೆ ಕಡೆ ನಡೆದರು. ಅದು ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ನನ್ನ ಕಣ್ಣು ಅವರಿಗೆ ಗೊತ್ತಿತ್ತು. ಮದುವೆಗೆ ಮೊದಲು ನಾನು ಸೀರೆಗೆ ಕಸೂತಿ ಹಾಕುತ್ತಿದ್ದವಳು. ಗಂಟು ಹಾಕದೆ, ಕೆಳಗೆ ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿ ಎಣಿಸಿ ಗೋಪುರ, ಆನೆ, ಚಿಗರಿ ತೆಗೆಯುವುದು. ಒಂದು ಎಳೆ ತಪ್ಪಿದರೆ ಆಗ ಕಾಣುವುದಿಲ್ಲ, ಆನೆಯ ಸೊಂಡಿಲು ಮುಗಿಯುವಾಗ ಕಾಣುತ್ತದೆ. ನನ್ನದು ತಪ್ಪುತ್ತಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುವುದು ಸರಿಯಲ್ಲ, ಆದರೆ ಹೇಳಬಹುದಾದವರು ಯಾರೂ ಈಗ ಉಳಿದಿಲ್ಲ.

ಮಾವ ನನಗೆ ಗುರಿ ಕಲಿಸಿದ್ದು ಕೊಟ್ಟಿಗೆಯಲ್ಲಿ, ಎತ್ತಿನ ಮೈ ಮೇಲೆ. ಕೈಯಿಂದ ಸವರಿ ತೋರಿಸುತ್ತಿದ್ದರು, ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. ಪ್ರಾಣಿ ಅಡ್ಡ ನಿಂತಾಗ ಮುಂಗಾಲು ಮೈಗೆ ಕೂಡುವ ಜಾಗ ಹಿಡಿಯಬೇಕು. ಅಲ್ಲಿಂದ ನಾಲ್ಕು ಬೆರಳು ಹಿಂದೆ. ಬೆನ್ನಿನಿಂದ ಎದೆಯ ತಳದ ತನಕ ಮೂರು ಪಾಲು ಮಾಡಿ, ಕೆಳಗಿನ ಪಾಲು ಶುರುವಾಗುವ ಕಡೆ ಗುಂಡು ಹೋಗಬೇಕು. ಅಲ್ಲಿ ಗುಂಡಿಗೆಯೂ ಇದೆ, ಉಸಿರಿನ ಚೀಲವೂ ಇದೆ, ಸ್ವಲ್ಪ ಆಚೀಚೆ ಆದರೂ ಎರಡರಲ್ಲಿ ಒಂದು ಸಿಗುತ್ತದೆ. ಮುಖ ಆ ಕಡೆ ಮಾಡಿ ಓರೆಯಾಗಿ ನಿಂತಿದ್ದರೆ ಆಚೆ ಮುಂಗಾಲನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಗುಂಡು ಒಳಗಿನಿಂದ ಅಲ್ಲಿಗೆ ಹೋಗುವ ಹಾಗೆ ಹೊಡೆಯಬೇಕು. ಎದುರು ನಿಂತರೆ ಹೊಡೆಯಬಾರದು. ಹಿಂಭಾಗ ಕಂಡರೆ ಹೊಡೆಯಬಾರದು. ತಲೆಗೆ ಎಂದೂ ಇಲ್ಲ. ಹೊಟ್ಟೆಗೆ ಬಿದ್ದರೆ ಅದಕ್ಕಿಂತ ಪಾಪ ಬೇರೆ ಇಲ್ಲ.

"ಗುಂಡು ಹತ್ತಿದ ಮ್ಯಾಲ ಒಂದ ನೋಡಬೇಕು," ಎನ್ನುತ್ತಿದ್ದರು. "ಹಾರಿತೋ, ಬಗ್ಗಿತೋ? ಎದಿಗೆ ಬಿತ್ತಂದ್ರ ಒಂದು ಸಲ ಮ್ಯಾಲ ಹಾರತೈತಿ, ಬೀಳತೈತಿ, ಮುಗೀತು. ಬೆನ್ನು ಬಗ್ಗಿಸಿ ಮೆಲ್ಲಕ ಹೊಂಟಿತಂದ್ರ ಹೊಟ್ಟಿಗೆ ಹತ್ತೇತಿ ಅಂತ ತಿಳಕೊ."

ಸೊಸೆ ಮಾವನ ಮೈ ಮುಟ್ಟುವ ಹಾಗಿಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡೆವು. ಹೊಲದ ಅಂಚಿನಲ್ಲಿ ಕೊಯ್ದು ನಿಲ್ಲಿಸಿದ ಜೋಳದ ಸಿವುಡುಗಳ ಹಿಂದೆ ಅವರು ಕುಳಿತು ಕವಲು ಕೋಲಿನ ಮೇಲೆ ನಳಿಗೆ ಇಡುವುದು. ನಾನು ಅವರ ಬಲ ಹೆಗಲ ಹಿಂದೆ ಮೊಣಕಾಲೂರಿ, ಕೈಯಲ್ಲಿ ಒಂದು ಜೋಳದ ದಂಟು ಹಿಡಿದು, ನಳಿಗೆಯ ಮೇಲಿಂದ ಕಣ್ಣು ಹಾಯಿಸುವುದು. ದಂಟಿನ ತುದಿಯಿಂದ ನಳಿಗೆಯನ್ನು ಆಚೆಗೆ ತುಸು, ಈಚೆಗೆ ತುಸು ಸರಿಸಿ, ಸರಿಹೋದಾಗ ದಂಟು ತೆಗೆದು "ಹೂಂ" ಎನ್ನುವುದು. ಅವರು ಬಂದೂಕಿನ ಕುದುರೆ ಎಳೆದು ಹೊಡೆಯುವುದು.

ಎರಡು ಚಿಗರಿ ಹಾಗೆ ಬಿದ್ದವು, ಒಂದು ಎಳ್ಳಮಾಸೆಗೆ ಮೊದಲು, ಒಂದು ಆಮೇಲೆ. ಎರಡೂ ಹಾರಿದವು, ಬಿದ್ದವು. ಹತ್ತಿರ ಹೋಗುವಷ್ಟರಲ್ಲಿ ಕಣ್ಣಿನ ಮೇಲೆ ನೊಣ ಕೂತಿತ್ತು. ಈರಪ್ಪನ ಕಣ್ಣು ಹದ್ದಿನ ಕಣ್ಣು ಎಂದು ಕಟ್ಟೆಯ ಮೇಲೆ ಮಾತಾಡುವಾಗ ನಾನು ಕೊಡ ಹೊತ್ತು ಹಾಯುತ್ತಾ ಸೆರಗಿನೊಳಗೆ ನಗುತ್ತಿದ್ದೆ. ಜೀವ ತೆಗೆದದ್ದು ಮನಸ್ಸಿಗೆ ತಟ್ಟಿರಲಿಲ್ಲ. ಗುರಿ ನನ್ನದು ಎಂಬ ಸೊಕ್ಕು ಅದಕ್ಕೆ ಜಾಗ ಬಿಟ್ಟಿರಲಿಲ್ಲ.

ಆ ಹಿಂಡಿಗೆ ಒಬ್ಬ ಯಜಮಾನನಿದ್ದ. ಕಪ್ಪು ಗಂಡು, ಎಡ ಕೊಂಬಿನ ತುದಿ ಮುರಿದಿತ್ತು. ಮೂಗು ಮೇಲೆತ್ತಿ, ಯಾರನ್ನೂ ನೋಡದೆ, ಪರಿಶೀಲನೆಗೆ ಬಂದ ತಹಶೀಲ್ದಾರರ ಹಾಗೆ ನಡೆಯುತ್ತಿದ್ದ. ನಾನು ಅವನನ್ನು ಸಾಹೇಬ ಎನ್ನುತ್ತಿದ್ದೆ. ನಾನು ಹುಳಿ ಹಿಂಡುವಾಗ ನಲವತ್ತು ಹೆಜ್ಜೆ ದೂರದಲ್ಲಿ ಮೇಯುತ್ತಿದ್ದ. ಬಾಟಲಿ ಕೈಯಲ್ಲಿದ್ದಾಗ ನಾನು ಬೇರೆ, ದಂಟು ಕೈಯಲ್ಲಿದ್ದಾಗ ನಾನು ಬೇರೆ ಎಂದು ಅವನಿಗೆ ಗೊತ್ತಿದ್ದಿರಬೇಕು. ಹಿಂದಿನ ಎರಡೂ ಸಲ ಅವನು ಗುಂಡಿಗೆ ಸಿಗದ ದೂರದಲ್ಲಿದ್ದ. ಮನೆಗೆ ಬಂದು ಮಾವನಿಗೆ ಇವತ್ತು ಸಾಹೇಬರು ಬಂದಿದ್ದರು, ನಾಲ್ಕು ಸಾಲು ಕಂದಾಯ ವಸೂಲಿ ಮಾಡಿ ಹೋದರು ಎಂದು ವರದಿ ಒಪ್ಪಿಸುತ್ತಿದ್ದೆ. ಮಾವ ನಗುತ್ತಿದ್ದರು. ಗಂಡನಿಲ್ಲದ ಆ ಮನೆಯಲ್ಲಿ ದಿನಾ ಮುಂಜಾನೆ ನಾನು ಹುಡುಕಿಕೊಂಡು ನೋಡುತ್ತಿದ್ದದ್ದು ಅವನೊಬ್ಬನನ್ನೇ.

ಅತ್ತೆಯ ತಮ್ಮ ಬಾದಾಮಿಯಿಂದ ಬರುವವನಿದ್ದ. ಅವನಿಗೆ ಮಾವ ಕರಿ ಚಿಗರಿ ಹೊಡೆದು ಉಣಿಸುತ್ತೇನೆ ಎಂದು ಎಂದೋ ಮಾತು ಕೊಟ್ಟಿದ್ದರು. ಅವನು ಬರುವ ಎರಡು ದಿನ ಮೊದಲು, ಇಬ್ಬನಿ ದಟ್ಟವಾಗಿ ಬಿದ್ದ ಮುಂಜಾನೆ, ನಾವು ಸಿವುಡುಗಳ ಹಿಂದೆ ಕುಳಿತೆವು. ಹೊತ್ತು ಮೂಡಿ ಮಂಜು ಎದ್ದಾಗ ಎಪ್ಪತ್ತು ಹೆಜ್ಜೆ ದೂರದಲ್ಲಿ ಅವನು ಒಬ್ಬನೇ ನಿಂತಿದ್ದ. ಅಡ್ಡ ನಿಂತಿದ್ದ, ಮುಂಗಾಲು ಒಂದು ಹೆಜ್ಜೆ ಮುಂದಿಟ್ಟು, ಎದೆ ಪೂರಾ ತೆರೆದು. ಕೊಟ್ಟಿಗೆಯಲ್ಲಿ ಎತ್ತನ್ನು ನಿಲ್ಲಿಸಿ ಕಲಿಸಿದ ಹಾಗೆಯೇ.

"ಕರೀದು ಐತೇನು?" ಎಂದು ಮಾವ ಉಸಿರಿನಲ್ಲಿ ಕೇಳಿದರು.

"ಐತ್ರಿ."

ಅವರು ಸ್ವಲ್ಪ ತಡೆದರು. "ನಿನ್ನ ಸಾಹೇಬನೇನು?"

"ಹೂಂನ್ರಿ."

ಮತ್ತೂ ಸ್ವಲ್ಪ ತಡೆದರು. ನಾನು ಏನೂ ಅನ್ನಲಿಲ್ಲ. ಮಾವ ನಳಿಗೆ ಮುಂದೆ ಮಾಡಿದರು.

ನಾನು ದಂಟು ಇಟ್ಟು ನಳಿಗೆಯನ್ನು ಸರಿಯಾದ ಜಾಗಕ್ಕೆ ತಂದೆ. ಮುಂಗಾಲಿನ ಹಿಂದೆ ನಾಲ್ಕು ಬೆರಳು. ಇನ್ನು "ಹೂಂ" ಎನ್ನಬೇಕು, ಆಗಲಿಲ್ಲ. ಅವನು ತಲೆ ಎತ್ತಿ ನಮ್ಮ ಸಿವುಡುಗಳ ಕಡೆ ನೋಡಿದ, ದಿನಾ ನೋಡುವ ಹಾಗೆ. ಆಗ ನನಗೆ ಒಂದು ಕಿಡಿಗೇಡಿ ಬುದ್ಧಿ ಬಂತು. ಗುಂಡು ತಪ್ಪಲಿ. ನಳಿಗೆಯನ್ನು ಬಾಲದ ಕಡೆ ಸರಿಸಿದರೆ ಗುಂಡು ಅವನ ಹಿಂದಿನಿಂದ ಹಾಯುತ್ತದೆ, ಸಾಹೇಬ ಓಡುತ್ತಾನೆ, ಮಾವ ಬೈಯುತ್ತಾರೆ, ನಾನು ಮುಖ ಸಣ್ಣ ಮಾಡಿ ನಿಲ್ಲುತ್ತೇನೆ, ಮುಗಿಯಿತು. ಆದರೆ ಬಹಳ ಸರಿಸಿದರೆ ಮಾವನಿಗೆ ತಿಳಿಯುತ್ತದೆ, ಕಪ್ಪು ಮಚ್ಚೆ ಎಲ್ಲಿದೆ ಎಂಬಷ್ಟು ಅವರಿಗೆ ಕಾಣುತ್ತಿತ್ತು. ಅದಕ್ಕೆ ಎಣಿಸಿ ಸರಿಸಿದೆ. ಎಳೆ ಎಣಿಸುವವಳಲ್ಲವೇ ನಾನು. ನಳಿಗೆಯ ತುದಿಯಲ್ಲಿ ಇಷ್ಟು ಎಳೆ, ಅಲ್ಲಿ ಅಷ್ಟು ಗೇಣು. ಸಾಕು ಎನಿಸಿತು. ದಂಟು ತೆಗೆದೆ.

"ಹೂಂ."

ಹೊಗೆ ಕವಿಯಿತು. ಹೊಗೆಯೊಳಗಿಂದ ಒಂದು ಸಪ್ಪಳ ಬಂತು, ತೊಯ್ದ ಗೋಣಿಚೀಲಕ್ಕೆ ಬಡಿಗೆಯಿಂದ ಹೊಡೆದ ಹಾಗೆ. ನಾನು ಅಂಥ ಸಪ್ಪಳ ಮೊದಲು ಕೇಳಿರಲಿಲ್ಲ. ಮಾವ ಕೇಳಿದ್ದರು. ಬಂದೂಕು ಇಳಿಸದೆಯೇ ಕೇಳಿದರು.

"ಹಾರಿತೋ, ಬಗ್ಗಿತೋ?"

ಹೊಗೆ ಸರಿದಾಗ ಕಂಡದ್ದರ ಬಗ್ಗೆ ಸುಳ್ಳು ಹೇಳಲು ನನಗೆ ನಾಲಿಗೆ ಬರಲಿಲ್ಲ. ಸಾಹೇಬ ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತಾ ಹಳ್ಳದ ಕಡೆ ಹೊರಟಿದ್ದ. ಎರಡು ಎಳೆ ಕಡಿಮೆ ಸರಿಸಿದ್ದೆ ನಾನು.

"ಬಗ್ಗಿತ್ರಿ," ಎಂದೆ.

ಮಾವ ಬಂದೂಕನ್ನು ನೆಲಕ್ಕೆ ಇಳಿಸಿದರು. ಕೂಡಲೇ ಬೆನ್ನಟ್ಟಬಾರದು, ಬೆನ್ನಟ್ಟಿದರೆ ಅದು ನೋವಿನಲ್ಲೇ ಮೈಲಿಗಟ್ಟಲೆ ಓಡುತ್ತದೆ, ಬಿಟ್ಟರೆ ಎಲ್ಲಾದರೂ ಮಲಗುತ್ತದೆ ಎಂದರು. ಎಳೆಬಿಸಿಲು ಬಲಿಯುವ ತನಕ ಕಾದೆವು. ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋದೆವು. ಕಡಲೆ ಎಲೆಯ ಮೇಲೆ ರಕ್ತ ಇತ್ತು, ಬಹಳ ಇರಲಿಲ್ಲ, ಅದರಲ್ಲಿ ಹಸಿರು ಕಲೆತಿತ್ತು. ಮಾವ ಬೆರಳಿಗೆ ಹಚ್ಚಿಕೊಂಡು ಮೂಸಿದರು. ನನ್ನ ಮೂಗಿಗೂ ಬಂತು. ಅಗಿದ ಕಡಲೆಯ ಹುಳಿ. ಅವನು ಆ ಮುಂಜಾನೆ ನಮ್ಮ ಹೊಲದಲ್ಲಿ ಮೇದದ್ದು.

ಅತ್ತೆಗೆ ಸುದ್ದಿ ಮುಟ್ಟಿಸಲು ನಾನೇ ಮನೆಗೆ ಓಡಿದೆ. ಅವರು ರೊಟ್ಟಿ ಬಡಿಯುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೆ, ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು, ಒಲೆಗೆ ನೀರು ಸುರಿದರು. ಆ ಚುಯ್ ಎನ್ನುವ ಸದ್ದು, ಅರೆಬೆಂದ ಆ ರೊಟ್ಟಿ, ಬೂದಿಯ ಆ ವಾಸನೆ ಈಗಲೂ ನನ್ನ ಮುಂದೆ ಇವೆ. ಬೈಯಲಿಲ್ಲ. "ಇಪ್ಪತ್ತೆರಡು ವರ್ಷ ಈ ಮನ್ಯಾಗ ಒಲಿ ತಣ್ಣಗ ಆಗಿದ್ದಿಲ್ಲ," ಎಂದರು, ಅಷ್ಟೇ. ಕಸ್ತೂರಿಯ ಕೈಗೆ ಕಟಕ ರೊಟ್ಟಿ ಕೊಟ್ಟರು. ಅವಳು ಅದನ್ನು ಮುರಿಯುವ ಸಪ್ಪಳ ಅಂಗಳದ ತನಕ ಕೇಳಿಸುತ್ತಿತ್ತು.

ಆ ದಿನವೆಲ್ಲ ಹುಡುಕಿದೆವು. ಮುಂದೆ ನಾನು, ಹಿಂದೆ ಮಾವ. ರಕ್ತದ ಹನಿ ನಾನು ಹುಡುಕಬೇಕು, ಅವರು ನನ್ನ ಹೆಜ್ಜೆಯ ಸಪ್ಪಳ ಹಿಡಿದು ಬರಬೇಕು. ಒಂದು ಹನಿಯಿಂದ ಇನ್ನೊಂದು ಹನಿಗೆ ನೂರು ಹೆಜ್ಜೆ. ಎರಡು ಕಡೆ ಅದು ಮಲಗಿ ಎದ್ದ ಗುರುತಿತ್ತು, ಹುಲ್ಲು ಒತ್ತಿತ್ತು, ಅಲ್ಲಿಯೂ ಆ ಹುಳಿ ವಾಸನೆ. ಮಧ್ಯಾಹ್ನ ಮಾವನ ಕಾಲು ಎಡವಿತು, ಬಿದ್ದರು, ಅಂಗೈ ತರಚಿತು. ನಾನು ಎಬ್ಬಿಸಲು ಕೈ ಚಾಚಿ, ಮುಟ್ಟುವ ಹಾಗಿಲ್ಲವೆಂದು ನೆನಪಾಗಿ, ಕೋಲು ಕೊಟ್ಟೆ. ಹೇಳಿಬಿಡಬೇಕು ಎಂದು ಆಗ ಬಾಯಿ ತೆರೆದೆ. "ನಿನ್ನ ತಪ್ಪಿಲ್ಲವ್ವ," ಎಂದರು ಅವರು, ನಾನಿನ್ನೂ ಏನೂ ಅನ್ನುವ ಮೊದಲೇ. ಬಾಯಿ ಮುಚ್ಚಿದೆ.

ಹೊತ್ತು ಮುಳುಗುವಾಗ ಬರಿಗೈಯಲ್ಲಿ ಊರು ಹೊಕ್ಕೆವು. ಒಲೆ ಆರಿದ ಸುದ್ದಿ ಊರಿಗೆ ಮುಟ್ಟಿತ್ತು. ಕಟ್ಟೆಯ ಮೇಲೆ ಏಳೆಂಟು ಮಂದಿ ಇದ್ದರು. ಬೊಂಬೆಯನ್ನು ಅವನೆಂದು ತಿಳಿದು ಮಾವ ಮಾತಾಡಿಸಿದ್ದರಲ್ಲ, ಆ ಬಸ್ಯಾನೂ ಇದ್ದ. ಅವನೇ ಕೇಳಿದ, ಚೇಷ್ಟೆಯಿಂದಲೇ ಕೇಳಿದ.

"ಏನಪಾ ಈರಪ್ಪ, ಒಂದ ಗುಂಡು ಅಂತಿದ್ದಿ. ಇದು ಯಾವ ಲೆಕ್ಕದಾಗ ಬರತೈತಿ?"

ಮಾವ ನಿಂತರು. ನಾನು ಅವರ ಹಿಂದೆ ಎರಡು ಮಾರು ದೂರದಲ್ಲಿ, ಸೆರಗು ಮುಖಕ್ಕೆ ಎಳೆದುಕೊಂಡು ನಿಂತಿದ್ದೆ. "ಕಣ್ಣು ಹೋಗ್ಯಾವು," ಎಂದರು. "ಎರಡ ವರ್ಷ ಆತು. ಕಾಣದ ಹೊಡದೆ. ಇನ್ನ ಹಿಡಿಯಂಗಿಲ್ಲ."

ಯಾರೂ ನಗಲಿಲ್ಲ. ಬಸ್ಯಾ ಕಟ್ಟೆಯಿಂದ ಇಳಿದು ಅವರ ಕೈಯಿಂದ ಬಂದೂಕು ತೆಗೆದುಕೊಂಡು ಮನೆ ತನಕ ಹೊತ್ತು ತಂದ. ಅದು ಕೈ ಹಿಡಿದು ಕುರುಡನನ್ನು ದಾಟಿಸುವ ಹಾಗಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಎರಡೂ ಚಿಗರಿ ನಾನು ಕೆಡವಿದ್ದು, ಇದನ್ನೂ ನಾನೇ ಕೆಡಿಸಿದ್ದು ಎನ್ನಬೇಕಿತ್ತು. ಬಾಯಿಗೆ ಸೆರಗಿಲ್ಲದವಳು ನಾನು, ಅವತ್ತು ಸೆರಗು ಕಚ್ಚಿಕೊಂಡು ನಿಂತೆ.

ಮರುದಿನ ಮುಂಜಾನೆ ಹಳ್ಳದ ಆಚೆ, ಜಾಲಿಯ ಬುಡದಲ್ಲಿ ಅವನು ಸಿಕ್ಕ. ಮಲಗಿದ್ದ. ಬದುಕಿದ್ದ. ನಮ್ಮನ್ನು ನೋಡಿ ಏಳಲು ಮುಂಗಾಲು ಊರಿದ, ಹಿಂದಿನ ಕಾಲು ಬರಲಿಲ್ಲ. ಆದರೂ ಮೂಗು ಮೇಲೆತ್ತಿಯೇ ಇಟ್ಟುಕೊಂಡಿದ್ದ. ಮಾವ ಬಂದೂಕು ತುಂಬಿದರು. ಐದು ಹೆಜ್ಜೆ ಹತ್ತಿರ ಹೋಗಿ ನಳಿಗೆ ಚಾಚಿದರು. ಆ ದೂರದಲ್ಲಿಯೂ ಅವರಿಗೆ ತಲೆ ಯಾವುದು ಬಾಲ ಯಾವುದು ತಿಳಿಯುತ್ತಿರಲಿಲ್ಲ. ನಾನು ದಂಟು ತಂದಿರಲಿಲ್ಲ. ಕೈಯಿಂದಲೇ ನಳಿಗೆ ಹಿಡಿದೆ. ಕಬ್ಬಿಣ ಚಳಿಗೆ ತಣ್ಣಗಿತ್ತು.

ಆಗ ಮಾವ ಮೆಲ್ಲಗೆ ಹೇಳಿದರು.

"ಈಗರ ಖರೇ ಜಾಗಕ್ಕ ಇಡು, ಗಂಗಿ."

ನಾನು ಇಟ್ಟೆ. ಮುಂಗಾಲಿನ ಹಿಂದೆ ನಾಲ್ಕು ಬೆರಳು. "ಹೂಂ" ಎನ್ನದೆ ಕೈ ತೆಗೆದೆ. ಅವರಿಗೆ ಅಷ್ಟು ಸಾಕಾಯಿತು.

ಅವನ ಮಾಂಸ ಮಾಡಲಿಲ್ಲ, ಚರ್ಮ ಬಿಚ್ಚಲಿಲ್ಲ, ಕೊಂಬು ತೆಗೆಯಲಿಲ್ಲ. ಬಸ್ಯಾ ಮತ್ತು ಅವನ ಅಣ್ಣ ಬಂದು ಅಲ್ಲೇ ಗುಂಡಿ ತೋಡಿದರು. ಮನೆಗೆ ಬಂದಾಗ ಅತ್ತೆ ಒಲೆ ಸಾರಿಸಿ, ಕುಳ್ಳು ಹೊಂದಿಸಿ, ಬೆಂಕಿಪೆಟ್ಟಿಗೆ ಹಿಡಿದು ನಮಗಾಗಿಯೇ ಕಾದಿದ್ದರು. ಮೊದಲ ರೊಟ್ಟಿಯನ್ನು ಮಾವ ನನ್ನ ಮುಂದೆ ಸರಿಸಿದರು. ನಾನು ಅದನ್ನು ಕಸ್ತೂರಿಯ ಕಡೆ ಸರಿಸಿದೆ. "ಉಣ್ಣು," ಎಂದರು. "ಒಲಿ ಹತ್ತೇತಿ." ಬಾದಾಮಿಯಿಂದ ಬಂದ ಅತ್ತೆಯ ತಮ್ಮ ಬದನೆಕಾಯಿ ಪಲ್ಯ ಉಂಡು ಹೋದ. ಆ ವಾರವೇ ಮಾವ ಬಂದೂಕನ್ನು ಹುನಗುಂದಕ್ಕೆ ಒಯ್ದು ಠಾಣೆಯಲ್ಲಿ ಒಪ್ಪಿಸಿ ಬಂದರು. ಊರಲ್ಲಿ ಅವರಿಗೆ ಕುರುಡ ಈರಪ್ಪ ಎಂಬ ಹೆಸರು ಬಿತ್ತು. ಕರೆಯುವವರಿಗೆ ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಗುರುತಿಗೆ ಕರೆಯುತ್ತಿದ್ದರು. ಪ್ರತಿ ಸಲ ಕೇಳಿದಾಗಲೂ ನಾನು ತಲೆ ತಗ್ಗಿಸುತ್ತಿದ್ದೆ, ಅವರು "ಓ" ಎನ್ನುತ್ತಿದ್ದರು.

ಐದಾರು ವರ್ಷ ಹಾಗೇ ಹೋಯಿತು. ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ, ಈಗ ನೀರಲ್ಲಿ ಮುಳುಗಿರುವ ಹಳೆಯ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಅವರ ಕಣ್ಣಿನ ಪೊರೆ ತೆಗೆದರು. ಜೊತೆಗೆ ನಾನು ಹೋಗಿದ್ದೆ. ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದ ಮೇಲೆ ಮಾವ ಮೊದಲು ಕಿಟಕಿ ನೋಡಿದರು, ಆಮೇಲೆ ತಮ್ಮ ಅಂಗೈ, ಆಮೇಲೆ ನನ್ನನ್ನು. ಸೊಸೆಯಾಗಿ ಬಂದಾಗಿನಿಂದ ನನ್ನ ಮುಖ ಅವರಿಗೆ ಸರಿಯಾಗಿ ಕಂಡಿರಲೇ ಇಲ್ಲ. ಬಹಳ ಹೊತ್ತು ನೋಡಿದರು. ಆಗ ನಾನು ಇಷ್ಟು ವರ್ಷ ಬಾಯಲ್ಲಿ ಹಿಡಿದಿಟ್ಟದ್ದನ್ನು ಉಗುಳಿದೆ. ಅವತ್ತು ನಳಿಗೆ ಸರಿಸಿದ್ದು ಬೇಕಂತಲೇ ಎಂದೆ. ಅವನನ್ನು ಉಳಿಸಬೇಕೆಂದು ಸರಿಸಿದೆ, ಎಣಿಕೆ ತಪ್ಪಿತು ಎಂದೆ.

"ಗೊತ್ತೈತವ್ವ," ಎಂದರು. "ಹೊಟ್ಟಿಗೆ ಹತ್ತಿದ ಸಪ್ಪಳ ಕೇಳಿದಾಗ ಗೊತ್ತಾತು. ನಿನ್ನ ಕಣ್ಣು ಅಷ್ಟು ತಪ್ಪಂಗಿಲ್ಲ."

ಹಾಗಾದರೆ ಕಟ್ಟೆಯ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕಣ್ಣು ಹೋದದ್ದು ಸುಳ್ಳೇನಲ್ಲವಲ್ಲ ಎಂದರು. ಆಮೇಲೆ ಅವನು ಹೇಗಿದ್ದ ಎಂದು ಕೇಳಿದರು. ತಾವು ಅವನನ್ನು ನೋಡಿರಲೇ ಇಲ್ಲ, ಕಪ್ಪು ಮಚ್ಚೆ ಅಷ್ಟೇ. ನಾನು ಹೇಳಿದೆ. ಮುರಿದ ಎಡ ಕೊಂಬು, ಮೇಲೆತ್ತಿದ ಮೂಗು, ತಹಶೀಲ್ದಾರರ ನಡಿಗೆ, ಬಾಟಲಿ ಹಿಡಿದು ಕುಳಿತವಳಿಗೆ ಹೆದರದೆ ನಲವತ್ತು ಹೆಜ್ಜೆಯಲ್ಲಿ ಮೇಯುತ್ತಿದ್ದದ್ದು, ಎಲ್ಲ ಹೇಳಿದೆ. ಮಾವ ಕನ್ನಡಕ ತೆಗೆದು, ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಕನ್ನಡಕ ಮತ್ತೆ ಹಾಕಿಕೊಂಡರು.

"ನಿನ್ನ ಸಾಹೇಬನೇನು ಅಂತ ಕೇಳಿದ್ದೆ ಅಲಾ ಗಂಗಿ," ಎಂದರು. "ಅದಕ್ಕ ಕೇಳಿದ್ದೆ. ಬ್ಯಾಡ್ರಿ ಮಾವ ಅಂತ ಒಂದ ಮಾತು ಅಂದಿದ್ರ ಇಳಸ್ತಿದ್ದೆ."

ಜೀವಮಾನದಲ್ಲಿ ನಾನು ಬೇಡವಾದ ಕಡೆಯೆಲ್ಲ ಮಾತಾಡಿದವಳು. ತಹಶೀಲ್ದಾರರನ್ನು, ಬಸ್ಸಿನ ಕಂಡಕ್ಟರನ್ನು, ಬೀಗರನ್ನು, ಯಾರನ್ನೂ ಬಿಟ್ಟಿಲ್ಲ. ಒಂದೇ ಒಂದು ಮಾತು ಬೇಕಾಗಿದ್ದ ಕಡೆ ಜಾಣತನ ಮಾಡಿದೆ. ಅದನ್ನು ಅವನು ಒಂದು ಹಗಲು, ಒಂದು ರಾತ್ರಿ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ.

ಸವಿತಾ, ನೀನು ರಸ್ತೆಯಲ್ಲಿ ಕೇಳಿದ್ದಕ್ಕೆ ಇದು ಉತ್ತರ. ಆ ಫೋಟೋ ನನ್ನ ಫೋನಿನಲ್ಲಿ ಇದೆ. ನಾನು ಒತ್ತಿದ ಆ ಟಪ್ ಎನ್ನುವ ಸಣ್ಣ ಸದ್ದು ಅಷ್ಟು ದೂರ ಕೇಳಿಸಿರಲಾರದು, ಆದರೆ ನಾನು ಬೆರಳು ಎತ್ತುವುದಕ್ಕೂ ಆ ಕಪ್ಪು ಗಂಡು ಹೊರಡುವುದಕ್ಕೂ ಸರಿಹೋಯಿತು. ನಾಲ್ಕೂ ಕಾಲು ನೆಲ ಬಿಟ್ಟವು, ಬಿಸಿಲಲ್ಲಿ ಬಿಳಿ ಹೊಟ್ಟೆ ಪೂರಾ ಕಂಡಿತು, ಒಂದು ಸಾಲು ಕಡಲೆಯನ್ನು ದಾಟಿ ಆಚೆ ಇಳಿದ, ಮತ್ತೆ ಎದ್ದ, ಹಿಂಡು ಅವನ ಹಿಂದೆ. ಆಗ ನೀನು ಕಾರಿನ ಬಾಗಿಲು ತೆಗೆಯುತ್ತಾ, ಅತ್ತೆ ಒಬ್ಬರೇ ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂದು ನೋಡಿದೆಯಲ್ಲ. ನಾನು ಹೇಳುತ್ತಿದ್ದದ್ದು ಇಷ್ಟೇ.

"ಹಾರಿತ್ರಿ, ಮಾವ."